ಕೊನೆಯ ಗೋಲು ಯಾರದು

ಚೆಂಡು ಮೇಲಿಂದ ಬಂತು, ಇಬ್ಬರು ಹುಡುಗರು ಒಟ್ಟಿಗೇ ಹಾರಿದರು, ತಲೆಗೆ ತಲೆ ಬಡಿದ ಸದ್ದು ಬೆಂಚಿನವರೆಗೂ ಕೇಳಿಸಿತು. ಎದುರು ತಂಡದವನು ಎದ್ದ. ಕ್ಯಾಪ್ಟನ್ ಏಳಲಿಲ್ಲ.

ಕೋಚ್ ಗೆರೆಯವರೆಗೆ ಓಡಿದ. ಆ ಸದ್ದು ಅವನಿಗೆ ಹೊಸದಲ್ಲ. ವರ್ಷಗಟ್ಟಲೆ ಮಿಡ್‌ಫೀಲ್ಡಿನಲ್ಲಿ ನಿಂತು ಮೇಲಿಂದ ಬಿದ್ದದ್ದಕ್ಕೆಲ್ಲ ಹಣೆ ಕೊಟ್ಟವನು. ಯಾರು ಎಲ್ಲಿದ್ದಾರೆಂದು ತಿರುಗಿ ನೋಡದೆ ಹೇಳುತ್ತಾನೆಂದು ಜೊತೆಗಾರರು ಅವನಿಗೆ 'ನಕ್ಷೆ' ಎಂದು ಹೆಸರಿಟ್ಟಿದ್ದರು. ರಾಷ್ಟ್ರೀಯ ಕಿರಿಯರ ತಂಡದ ಕೆಲಸ ಸಿಕ್ಕಿದ್ದೂ ಆ ಹೆಸರಿನಿಂದಲೇ. ಈಗ ನಕ್ಷೆಗೆ ಅಲ್ಲಲ್ಲಿ ತೂತು ಬಿದ್ದಿದೆ. ಗೊತ್ತಿರುವುದು ಹೆಂಡತಿಗೆ ಮಾತ್ರ.

"ಒಂದ್ಸಲ ತಲೆ ತೋರಿಸ್ಕೊಂಡು ಬರೋಣ ರೀ," ಎಂದು ಬೆಳಿಗ್ಗೆಯೂ ಅಂದಿದ್ದಳು.

"ನಂಗೇನಾಗಿದೆ ಧಾಡಿ? ಗುಂಡುಕಲ್ಲಿನ ಹಾಗಿದೀನಿ."

"ಅದೇ ಶರಟನ್ನ ಎರಡನೇ ಸಲ ಇಸ್ತ್ರಿ ಮಾಡ್ತಿದೀರಿ."

ಅವನು ನಕ್ಕುಬಿಟ್ಟಿದ್ದ. ಪ್ಲಗ್ ಕಿತ್ತು ಶರಟು ತೊಟ್ಟುಕೊಂಡಿದ್ದ.

ಡ್ರೆಸ್ಸಿಂಗ್ ರೂಮಿನೊಳಗೆ ಇನ್ಯಾರಿಗೋ ಪಟ್ಟಿ ಕಟ್ಟುತ್ತಿದ್ದ ಮೈದಾನದ ಡಾಕ್ಟರಮ್ಮ ಓಡಿ ಬಂದು ಕ್ಯಾಪ್ಟನ್‌ನನ್ನು ಗೆರೆಯಾಚೆ ಕೂರಿಸಿ, ನೆನಪು ಸರಿಯಿದೆಯೇ ಎಂದು ನೋಡಲು ಕೇಳಿದರು.

"ಕೊನೇ ಗೋಲು ಯಾರು ಹೊಡೆದಿದ್ದಪ್ಪ?"

"ಕುಳ್ಳ, ಮೇಡಂ," ಎಂದ ಹುಡುಗ ತಟ್ಟನೆ. "ನಂಗೇನೂ ಆಗಿಲ್ಲ. ಆಡ್ತೀನಿ."

ಡಾಕ್ಟರಮ್ಮ ಕೋಚ್‌ನ ಮುಖ ನೋಡಿದರು. "ನಾನು ಒಳಗಿದ್ದೆ ಸಾರ್. ನಿಮ್ಮ ಹುಡುಗ್ರ ಗುರುತೂ ನಂಗಿಲ್ಲ. ಸರಿಯಾಗಿ ಹೇಳ್ತಿದಾನಾ?"

ಅವನು ತಡಕಾಡಿದ. ಗೋಲಾದಾಗ ತಾನು ಕುಣಿದದ್ದು ನೆನಪಿದೆ, ಯಾರನ್ನೋ ತಬ್ಬಿದ್ದೂ ನೆನಪಿದೆ. ಹೊಡೆದವನ ಜಾಗದಲ್ಲಿ ಬರೀ ಹುಲ್ಲು. ಅಯ್ಯೋ, ಗೊತ್ತಿಲ್ಲ ಅಂದರೆ ಮುಂದೆ ತನ್ನನ್ನೇ ಅಲ್ಲಿ ಕೂರಿಸಿ ಇದೇ ಪ್ರಶ್ನೆ ಕೇಳುತ್ತಾರೆ.

"ಸರಿ. ಕುಳ್ಳನೇ."

"ಗ್ಯಾರಂಟಿ ತಾನೇ?"

"ನಾನಿಲ್ಲೇ ಕೂತು ನೋಡ್ಲಿಲ್ವೇನ್ರೀ?" ದನಿ ಬೇಕಾದ್ದಕ್ಕಿಂತ ಜೋರಾಯಿತು.

ಕ್ಯಾಪ್ಟನ್ ಅವನತ್ತ ನೋಡಿ ನಕ್ಕು ಮೈದಾನದೊಳಗೆ ಓಡಿದ. ಡಾಕ್ಟರಮ್ಮ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಬೆಂಚಿನ ತುದಿಯಲ್ಲಿ ಒಬ್ಬ ಎದ್ದು ನಿಂತ. ಗಿಡ್ಡ ಕಾಲು, ಮಡಿಕೆ ಕೂಡ ಮುರಿಯದ ಅಂಗಿ.

"ಸಾರ್, ನಾನಿವತ್ತು ಆಡೇ ಇಲ್ವಲ್ಲ..." ಎಂದ ಕುಳ್ಳ.

ಕೋಚ್ ಮೈದಾನದತ್ತ ತಿರುಗಿದ. ಕೂಗಬೇಕು, ಕ್ಯಾಪ್ಟನ್‌ನನ್ನು ಹೊರಗೆ ಕರೆಸಬೇಕು. ಕೂಗಿ ಏನೆಂದು ಹೇಳುವುದು? ನನಗೂ ಗೊತ್ತಿರಲಿಲ್ಲ ಎಂದೇ? "ಕೂತ್ಕೋ," ಎಂದ.

ಅಷ್ಟರಲ್ಲಿ ಚೆಂಡು ಕ್ಯಾಪ್ಟನ್‌ನ ಕಾಲಿಗೆ ಬಂತು. ಹುಡುಗ ಸರಕ್ಕನೆ ತಿರುಗಿ ಓಡತೊಡಗಿದ. ಎಷ್ಟು ಚಂದದ ಓಟ! ಎದುರು ತಂಡದವರು ಯಾರೂ ಅಡ್ಡ ಬರಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು. ಗೋಲ್‌ಕೀಪರೊಬ್ಬನೇ ಎರಡೂ ಕೈ ಬೀಸುತ್ತ, ಕ್ಯಾಪ್ಟನ್‌ನ ಹೆಸರು ಹಿಡಿದು, ಬೇಡ, ಆ ಕಡೆ ತಿರುಗು ಎಂದು ಅರಚುತ್ತಿದ್ದ.

ಕೋಚ್ ಈ ತುದಿ ನೋಡಿದ, ಆ ತುದಿ ನೋಡಿದ. ಎರಡೂ ಕಡೆ ಒಂದೇ ಬಗೆಯ ಬಿಳಿ ಕಂಬಗಳು. ಚೆಂಡು ಬಲೆಯೊಳಗೆ ಹೋಯಿತು, ಜನ ಹೋ ಎಂದು ಎದ್ದರು. ಅವನು ಚಪ್ಪಾಳೆ ತಟ್ಟಿದ. ಬೆಂಚಿನಲ್ಲಿ ಬೇರೆ ಯಾರೂ ತಟ್ಟುತ್ತಿಲ್ಲವೆಂದು ಗೊತ್ತಾಯಿತು. ನಿಲ್ಲಿಸಲು ಹೆದರಿ ತಟ್ಟುತ್ತಲೇ ಇದ್ದ.