ಭಾನುವಾರದ ಗುರುತು

"ಅಕ್ಕಾ, ಮೊದಲು ಇಂಟರ್‌ನೆಟ್ ವೈರು ಕಿತ್ತುಹಾಕಿ," ಎಂದ ರಿಪೇರಿಯವನು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ. ಕಂಪ್ಯೂಟರಿನ ಪರದೆಯ ತುಂಬ ಕೆಂಪು ಅಕ್ಷರ: ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ತೆಗೆಯಬೇಕಾದರೆ ಮೂರು ದಿನದೊಳಗೆ ಹಣ ಕಳಿಸಿ.

ಬೀಗ ಬಿದ್ದದ್ದು ಅವಳ ಹನ್ನೊಂದು ವರ್ಷದ ದುಡಿಮೆಗೆ. ಅವಳು ಹೊಲಿಯುವುದು ಅಂಗಡಿಯ ಬಟ್ಟೆ ಒಗ್ಗದವರಿಗೆ. ಒಂದು ಭುಜ ತಗ್ಗಿದವರು, ತೋಳು ಕಳೆದುಕೊಂಡವರು, ಗಾಲಿಕುರ್ಚಿಯಲ್ಲೇ ದಿನ ಕಳೆಯುವವರು. ಒಬ್ಬೊಬ್ಬರ ಮೈಗೂ ನಾಲ್ಕಾರು ಸಲ ತಿದ್ದಿ ಕೂರಿಸಿದ ಕಟಿಂಗಿನ ನಕ್ಷೆಗಳೆಲ್ಲ ಆ ಕಂಪ್ಯೂಟರಿನಲ್ಲಿದ್ದವು.

"ಕಂಡಕಂಡದ್ದನ್ನೆಲ್ಲ ಒತ್ತಬೇಡ ಅಂತ ಬಡ್ಕೊಂಡೆ," ಎಂದ ಗಂಡ. "ಕೇಳಿದ್ಯಾ?"

"ಹೊಸ ಗಿರಾಕಿ ಇಮೇಲಲ್ಲಿ ಅಳತೆ ಕಳ್ಸಿದಾರೆ ಅಂದ್ಕೊಂಡು ಒತ್ತಿದೆ. ತಪ್ಪು ನಂದೇ."

ಬೇಜಾರಿತ್ತು, ಗಾಬರಿ ಇರಲಿಲ್ಲ. ಇಂಥ ಹಾಳು ವೈರಸ್ಸುಗಳ ಸುದ್ದಿ ಕೇಳಿದಾಗಲೇ ಅವಳು ಒಂದು ಡಿಸ್ಕ್ ಕೊಂಡು ಗಂಡನ ಕೈಗೆ ಕೊಟ್ಟಿದ್ದಳು. ಪ್ರತಿ ಭಾನುವಾರ ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿ, ಕಳಚಿ, ಅಲಮಾರಿನಲ್ಲಿಡುವುದು ಅವನ ಕೆಲಸ. ಮನೆಯಲ್ಲಿ ಅವನ ಪಾಲಿಗಿದ್ದದ್ದು ಅದೊಂದೇ ಕೆಲಸ ಎಂದರೂ ತಪ್ಪಿಲ್ಲ. ಮಾಡಿದ್ದಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಹಸಿರು ಪೆನ್ನಿನ ಗುರುತು. ಎರಡು ವರ್ಷದಲ್ಲಿ ಒಂದು ಭಾನುವಾರವೂ ಖಾಲಿ ಇರಲಿಲ್ಲ.

"ರೀ, ಡಿಸ್ಕ್ ತನ್ನಿ."

ಗಂಡ ಏಳಲಿಲ್ಲ. "ಇವ್ರು ಮೊದಲು ಕಂಪ್ಯೂಟರ್ ನೋಡ್ಲಿ. ಅದೇನವಸರ?"

ಅವಳೇ ಹೋಗಿ ತಂದಳು. ರಿಪೇರಿಯವನು ಅದನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ತೆರೆದರೆ ಬರೀ ಸಿನಿಮಾಗಳು, ಕುಸ್ತಿ ಪಂದ್ಯಗಳು. ಮೇಲೆ ಕೆಳಗೆ ಹುಡುಕಿ, ಒಮ್ಮೆ ಕೆಮ್ಮಿ, "ಅಕ್ಕಾ, ಇದ್ರಲ್ಲಿ ನಿಮ್ದು ಒಂದೂ ಇಲ್ಲ," ಎಂದ.

"ಮೊದಮೊದಲು ಮಾಡ್ತಿದ್ದೆ," ಎಂದ ಗಂಡ, ನೆಲ ನೋಡುತ್ತ. "ಗಂಟೆಗಟ್ಲೆ ಹಿಡಿಯೋದು. ಆಮೇಲೆ ಜಾಗ ಸಾಲ್ಲಿಲ್ಲ ಅಂತ ಅಳಿಸ್ದೆ. ನಮ್ಮನೆಗೇ ವಕ್ಕರಿಸುತ್ತೆ ಅಂತ ಯಾರಿಗ್ಗೊತ್ತಿತ್ತು?"

"ಮತ್ತೆ ಆ ಗುರುತು?"

"ಕಾಪಿ ಮಾಡಿದ್ರಾ ಅಂತ ನೀನು ಕೇಳ್ತಿದ್ಯಲ್ಲ."

ಎಲ್ಲೋ ಕೂತ ಕಳ್ಳನ ಮೇಲಿದ್ದ ಅವಳ ಸಿಟ್ಟು ಆರಿಹೋಯಿತು. ಕಳ್ಳ ಕಳ್ಳನ ಕೆಲಸ ಮಾಡಿದ್ದ. ಇಲ್ಲಿ ಬೇಲಿಯೇ ಎದ್ದು ಹೊಲ ಮೇದಿತ್ತು. ಅವಳು ಪಕ್ಕದಲ್ಲೇ ಮಷಿನ್ ತುಳಿಯುತ್ತಿರುವಾಗ ಇವನು ಎದ್ದುಹೋಗಿ, ಪೆನ್ನಿನ ಮುಚ್ಚಳ ತೆಗೆದು ಗುರುತು ಹಾಕಿ ಬಂದು ಕೂತಿದ್ದ. ಒಂದು ಸಲವಲ್ಲ, ಎಷ್ಟೋ ಸಲ. ಪ್ರತಿ ಸಲವೂ ಅವಳು ಮನಸ್ಸಿನಲ್ಲೇ ಅವನನ್ನು ಮೆಚ್ಚಿಕೊಂಡಿದ್ದಳು. ಅದನ್ನು ನೆನೆದರೆ ಮೈಯೆಲ್ಲ ಉರಿಯಿತು.

"ದುಡ್ಡು ಕೊಟ್ರೂ ಬೀಗ ತೆಗೀತಾರೆ ಅಂತ ನಂಬೋಕಾಗಲ್ಲ ಅಕ್ಕಾ," ಎಂದ ರಿಪೇರಿಯವನು.

"ಕೊಡಲ್ಲ ಬಿಡಿ," ಎಂದಳು.

ಅವನು ಹೋದ ಮೇಲೆ ಅವಳು ಟೇಪು, ಸೀಮೆಸುಣ್ಣ, ಒಂದು ನೋಟುಪುಸ್ತಕ ಚೀಲಕ್ಕೆ ಹಾಕಿಕೊಂಡಳು. ಗಾಲಿಕುರ್ಚಿಯ ಮೇಷ್ಟ್ರ ಅಂಗಿ ನಾಡಿದ್ದು ಕೊಡಬೇಕು. ಅವರ ಮನೆಗೆ ಹೋಗಿ ಮೊದಲಿನಿಂದ ಅಳೆಯಬೇಕು. ಚಪ್ಪಲಿ ಮೆಟ್ಟುವಾಗ ಗಂಡ ಹಿಂದೆಯೇ ಬಂದ.

"ನಾನೂ ಬರ್ತೀನಿ. ಗ್ಯಾಸ್ ಆಫ್ ಮಾಡಿದೀನಿ, ನಡಿ."

ಅವಳು ಮೆಟ್ಟಿದ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಡುಗೆಮನೆಯಲ್ಲಿ ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ಮುಟ್ಟಿ ನೋಡಿದಳು. ಆಫ್ ಆಗಿತ್ತು.