ಬಾಳಕ್ಕ ಬರೆದ ಅಂಚು

ಬಾಳಕ್ಕ ನನ್ನ ಸೋದರತ್ತೆ. ಶಹಾಪುರದ ಅಭಯ ಶೇಠರ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಸೀರೆ ಅಂಚಿನ ಡಿಸೈನಿಗಾಗಿ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ತೋರಿಸುವ ಮರದ ಪಟ್ಟಿಗೆ ಗೂಟ ಬಡಿದವಳು. ಈಗ ಕಂಪ್ಯೂಟರ್ ಮಗ್ಗ ಬಂದು ಗೂಟ ಮೂಲೆ ಸೇರಿದ್ದವು. ಆ ದಿನ ಸಂಜೆಯೊಳಗೆ ಒಂದು ಅಂಚನ್ನು ತಾನೇ ಬರೆದು ನೇಯಿಸಿದರೆ ಡಿಸೈನ್ ಕೆಲಸ ಅವಳದೇ, ಇಲ್ಲದಿದ್ದರೆ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತಲು ಹೋಗಬೇಕು ಎಂದಿದ್ದರು ಶೇಠರು.

ಹಾಗೆ ಬರೆಯಲು ಕಂಪ್ಯೂಟರ್ ಭಾಷೆ ಮಾಡಿಕೊಟ್ಟವಳು ನಾನು, ರುತುಜಾ. ಕೊಲ್ಹಾಪುರದಲ್ಲಿ ಕಂಪೈಲರ್ ಸಂಶೋಧನೆ ಮಾಡುತ್ತೇನೆ. ಯಾವ ಸಾಲಿನಲ್ಲಿ ಯಾವ ಎಳೆ ಮೇಲೇಳಬೇಕೆಂದು ಕನ್ನಡದಲ್ಲಿ ಬರೆದರೆ ಸಾಕು, ನನ್ನ ಕಂಪೈಲರ್ ಅದನ್ನು ಮಗ್ಗದ ಕಂಪ್ಯೂಟರಿಗೆ ತಿಳಿಯುವಂತೆ ತಿರುಗಿಸುತ್ತದೆ. ನೇಕಾರರ ಆಡುಮಾತಿನ ಭಾಷೆ ಎಂದು ಸೆಮಿನಾರಿನಲ್ಲಿ ಎದೆ ತಟ್ಟಿಕೊಂಡು ಬಂದಿದ್ದೆ.

ಮೊದಲ ಸಾಲಿಗೇ ಕಂಪೈಲರ್ ತಕರಾರು ತೆಗೆಯಿತು. ಅತ್ತೆ 'ಒಂದು' ಎನ್ನುವ ಕಡೆ 'ಲಾಭ' ಎಂದು ಬರೆದಿದ್ದಳು.

“ಅತ್ತಿ, ಒಂದು ಅಂತ ಬರಿ. ಇದಕ್ಕ ಲಾಭ ತಿಳಿಯೂದಿಲ್ಲ.”

“ಕಾಳು ಅಳಿಯೂ ಮುಂದ ಮೊದಲ್ನೇದಕ್ಕ ಯಾರರ ಒಂದು ಅಂತಾರೇನ? ಲಾಭ, ಎರಡು, ಮೂರು. ಗೂಟಾನೂ ನಾ ಹಂಗ ಎಣಿಸೇನಿ. ಅದರಿಂದ ಕೆಲಸಕ್ಕ ಬರಕತ್ತು ಇರತೈತಿ, ಏಳಿಗಿ ಆಗತೈತಿ. ಬಿಡೂದಿಲ್ಲ.”

ಉಳಿದದ್ದು ಎರಡೇ ತಾಸು. ನನಗೆ ಸಿಟ್ಟು ನೆತ್ತಿಗೇರಿತು.

“ಹಂಗಾರ ಕಾಂಡಿ ಸುತ್ತಾಕ ಹೋಗು.”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಕೀಬೋರ್ಡನ್ನು ನನ್ನ ಕಡೆ ಸರಿಸಿದಳು. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಅವಳ ಆಡುಮಾತಿಗೆ ಭಾಷೆ ಕಟ್ಟಿದೆನೆಂದು ಮೆರೆದು, ಅವಳು ಆಡಿದ ಮೊದಲ ಮಾತಿಗೇ ಅಡ್ಡಗಾಲು ಹಾಕಿದ್ದೆ. ಭಾಳ ನಾಚಿಕೆಯಾಯಿತು. ಕಂಪೈಲರ್ ತೆರೆದು, ಲಾಭ ಅಂದರೂ ಮೊದಲನೆಯದೇ ಎಂದು ಸೇರಿಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಅತ್ತೆ ಮತ್ತೆ ಬರೆಯತೊಡಗಿದಳು. ಹದಿನೇಳನೇ ಸಾಲಿಗೆ ಕಂಪೈಲರ್ ಪುನಃ ತಡೆಯಿತು: 'ನಾಲ್ಕನೇ ಎಳೆ ಆರು ಸಾಲಿನಿಂದ ಎದ್ದಿಲ್ಲ, ಅಂಚು ಸಡಿಲಾಗುತ್ತದೆ.' ಅವಳು ಕನ್ನಡಕ ಏರಿಸಿ ಓದಿದಳು.

“ಖರೇ ಐತಿ. ಗೂಟದಾಗ ಇಂಥಾ ತಪ್ಪ ಎರಡ ಮಾರು ಅರಿವಿ ಹಾಳಾದ ಮ್ಯಾಲ ಕಾಣತಿತ್ತು. ಇದು ನೇಯೂಕಿಂತ ಮೊದಲ ಹೇಳಾಕತ್ತೈತಿ.”

ನಾನು ಕೈ ಚಾಚುವಷ್ಟರಲ್ಲಿ ತಾನೇ ತಿದ್ದಿದಳು.

ಐದಕ್ಕೆ ಮಗ್ಗ ಓಡಿತು. ಅಂಚಿನ ಉದ್ದಕ್ಕೂ ರುದ್ರಾಕ್ಷಿ ಸಾಲು ಮೂಡಿ ಬಂತು. ಶೇಠರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು, ಉಗುರಿನಿಂದ ಎಳೆ ಕೆದಕಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಮಸ್ತ ಬರ್ದಿ ನೋಡವ್ವ.”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದಳು. ಶೇಠರ ಎದುರು ಅವಳು ತಲೆ ಎತ್ತಿ ನಿಂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ಆಕಿ ಅಲ್ರಿ, ನಾ ಬರ್ದೇನಿ. ನಾಳಿಗಿ ಯಾವ ಅಂಚ ಬರೀಲಿ, ಹೇಳ್ರಿ.”