ಸೋರುವ ನೀರು ಕಟ್ಟಿದ ಪೈಪು

ಸುಣ್ಣಕಲ್ಲಿನ ಕಣಿವೆಗೆ ಕಾಲ್ನಡಿಗೆಯಲ್ಲಿ ಹೊರಟವರು ಜೊತೆಗೆ ಸ್ಪ್ಯಾನರ್ ಒಯ್ಯಬೇಕೇ ಬೇಡವೇ ಎಂಬುದು ಮನುಕುಲ ಇನ್ನೂ ಇತ್ಯರ್ಥ ಮಾಡದ ಗಹನ ಪ್ರಶ್ನೆ. ಪ್ಲಂಬರ್ ಅಪ್ಪ ಒಯ್ಯಲೇಬೇಕೆಂದ. ಅವನ ಕೈಕೆಳಗೇ ಪಳಗಿದ ಮಗಳು ವಾದಕ್ಕಿಳಿಯಲಿಲ್ಲ. ಅವಳ ಬಾಯಲ್ಲಿ ಬೇರೆ ಮಾತು ಕಾದಿತ್ತು. ಸೋಮವಾರ ಅಪ್ಪ ತನ್ನ ಪ್ಲಂಬಿಂಗ್ ಅಂಗಡಿ ಮಾರುವವನಿದ್ದ. ಅವಳಿಗೆ ಆ ಅಂಗಡಿ ಬೇಕಿತ್ತು.

ಇಕ್ಕೆಲಗಳಲ್ಲೂ ಬಿಳಿಯ ಬಂಡೆಗಳು ಮುಗಿಲಿಗೆ ಏಣಿ ಹಾಕಿ ನಿಂತಿದ್ದವು. ಜೊತೆಗೇ ಹರಿಯುತ್ತಿದ್ದ ತೊರೆ ಒಂದೆಡೆ ಹೇಳದೆ ಕೇಳದೆ ನೆಲದೊಳಗೆ ಇಳಿದುಹೋಯಿತು.

"ಈ ಕನೆಕ್ಷನ್ ಯಾರು ಕೊಟ್ಟಿದ್ದು?" ಎಂದ ಅಪ್ಪ.

"ಅಂಗಡಿ ನನಗೇ ಬಿಡಪ್ಪ."

"ಬೇಡ. ಕಂಡೋರ ಬಚ್ಚಲಲ್ಲಿ ಬಗ್ಗೋ ಕೆಲಸ ನನ್ನ ಬೆನ್ನಿಗೇ ಮುಗೀಲಿ."

"ನಿನ್ನ ಬೆನ್ನೇನು ಗುತ್ತಿಗೆ ಹಿಡಿದಿದೆಯಾ?"

ಅಪ್ಪ ದಾಪುಗಾಲು ಹಾಕಿದ.

ಗುಹೆಯ ಬಾಯಲ್ಲಿ ಟಾರ್ಚ್ ಹಿಡಿದ ಗೈಡ್ ಹೆಂಗಸು ಇವರನ್ನು ಒಳಗೆ ಕರೆದೊಯ್ದಳು. ಕತ್ತಲಲ್ಲಿ ಎಲ್ಲೋ ಟಪ್ ಎಂದಿತು. ಅಪ್ಪನ ಕಿವಿ ನಿಮಿರಿತು.

"ಮೇನ್ ವಾಲ್ವ್ ಎಲ್ಲಿದೆ?"

ತಮಾಷೆಯೆಂದುಕೊಂಡು ಗೈಡ್ ನಕ್ಕಳು. ಮಗಳು ನಗಲಿಲ್ಲ; ಅವಳೂ ಅದನ್ನೇ ಹುಡುಕುತ್ತಿದ್ದಳು.

ಟಾರ್ಚ್ ಮೇಲೆದ್ದಿತು. ಛಾವಣಿಯ ಉದ್ದಗಲಕ್ಕೂ ಹುಲ್ಲುಕಡ್ಡಿಯಷ್ಟು ತೆಳ್ಳನೆಯ ಕಲ್ಲಿನ ಕೊಳವೆಗಳು ಸಾವಿರಗಟ್ಟಲೆ ಇಳಿಬಿದ್ದಿದ್ದವು. ಒಂದೊಂದರ ತುದಿಯಲ್ಲೂ ಒಂದು ಹನಿ. ಸೋರುವುದು ಕಂಡರೆ ಹೆಬ್ಬೆರಳಿಡುವುದು ಪ್ಲಂಬರನ ಪ್ರಥಮ ಚಿಕಿತ್ಸೆ. ಅಪ್ಪನ ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ಮಗಳು ಅವನ ಮಣಿಕಟ್ಟು ಹಿಡಿದಳು.

"ಮುಟ್ಟಬೇಡಿ," ಎಂದಳು ಗೈಡ್. "ಕೈಯ ಜಿಡ್ಡು ತಾಗಿದ್ರೆ ಬೆಳೆಯೋದು ನಿಂತುಹೋಗುತ್ತೆ. ಒಳಗೆ ಟೊಳ್ಳು. ನೀರು ಅದರೊಳಗಿಂದಲೇ ಇಳಿಯುತ್ತೆ, ಪ್ರತಿ ಹನಿಯೂ ಚೂರು ಸುಣ್ಣ ಬಿಟ್ಟು ಹೋಗುತ್ತೆ."

"ಅಂದ್ರೆ, ಸೋರೋ ನೀರೇ ಪೈಪು ಕಟ್ಕೊಂಡಿದೆ?"

"ಹೌದು. ಸಾವಿರಾರು ವರ್ಷದಿಂದ."

"ಒಂದೂ ಜಾಯಿಂಟ್ ಇಲ್ಲದೆ," ಎಂದ ಅಪ್ಪ, ದೊಡ್ಡವರ ಎದುರು ನಿಂತವನ ದನಿಯಲ್ಲಿ.

ಹನಿಯೊಂದು ಮೆಲ್ಲಗೆ ತುಂಬಿಕೊಂಡಿತು, ಟಾರ್ಚಿನ ಬೆಳಕನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ತೂಗಿತು, ಬಿದ್ದಿತು. ಮತ್ತೊಂದು ತುಂಬತೊಡಗಿತು. ಸೋರುವುದನ್ನು ಜೀವಮಾನವಿಡೀ ಹಗೆಯಂತೆ ಕಂಡವನು ಟೋಪಿ ತೆಗೆದು, ಕತ್ತು ನೋಯುವವರೆಗೆ ನೋಡಿದ. ಮಗಳು ಮಣಿಕಟ್ಟು ಬಿಟ್ಟಿರಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ.

"ಇದು ಮುಗಿಯೋದು ಯಾವಾಗ?"

"ಮುಗಿಯೋ ಕೆಲಸ ಅಲ್ಲಪ್ಪ," ಎಂದಳು ಮಗಳು.

ಕಣಿವೆ ಹತ್ತಿ ಮೇಲೆ ಬಂದು ಸಿಗ್ನಲ್ ಸಿಕ್ಕಾಗ ಅಪ್ಪ, ಅಂಗಡಿ ಕೊಳ್ಳುವವನಿಗೆ ಫೋನ್ ಮಾಡಿ ಸೋಮವಾರ ಬರುವುದು ಬೇಡ ಎಂದ. ಅಂಗಡಿಯನ್ನು ಈಗ ಮಗಳು ನಡೆಸುತ್ತಾಳೆ.